ಜುಲೈ ಮಳೆಗೂ ತಪ್ಪದ ಅಭ್ಯಾಸ ಬೆಳೆಸಿಕೊಳ್ಳುವುದು ಹೇಗೆ

ಕೊಡಗಿನಲ್ಲಿ ಹೊಸ ಅಭ್ಯಾಸಗಳು ಶುರುವಾಗುವುದು ಹೆಚ್ಚಾಗಿ ಜನವರಿ ಒಂದಕ್ಕೆ, ಇಲ್ಲವೇ ಕಾಫಿ ಕೊಯ್ಲು ಮುಗಿದು ಸ್ವಲ್ಪ ಬಿಡುವು ಸಿಕ್ಕ ಮಾರ್ಚ್‌ನಲ್ಲಿ. ಆಗ ರಸ್ತೆ ಒಣಗಿರುತ್ತದೆ, ಕರೆಂಟೂ ಒಂದು ಮಟ್ಟಿಗೆ ಇರುತ್ತದೆ, ವಾಕಿಂಗ್ ಚೆನ್ನಾಗಿಯೇ ನಡೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತು ಅನ್ನಿ. ನಾಲ್ಕು ದಿನ ಬಿಡದೆ ಹೊಯ್ದರೆ ಶೂ ಒಣಗುವುದಿಲ್ಲ, ದಾರಿಯ ತುಂಬ ಜಿಗಣೆ, ಬೆಳಗ್ಗೆ ಏಳು ಗಂಟೆಗೂ ಮಬ್ಬು ಹರಿಯುವುದಿಲ್ಲ. ವಾಕಿಂಗ್ ನಿಲ್ಲುತ್ತದೆ. ಮಳೆ ಬಿಟ್ಟ ಮೇಲೆ ಅದು ಮತ್ತೆ ಶುರುವಾಗುವುದೇ ಇಲ್ಲ.

ಇದಕ್ಕೆ ನಾವು ಸೋಮಾರಿತನ ಅಂತ ಹೆಸರಿಟ್ಟು ನಮ್ಮನ್ನೇ ಬೈದುಕೊಳ್ಳುತ್ತೇವೆ. ಅದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ಬೇಸಿಗೆಯಲ್ಲಿ ಕೂತು ಹಾಕಿದ ಲೆಕ್ಕ ಮಳೆಗಾಲಕ್ಕೆ ಹೊಂದಲಿಲ್ಲ, ಅಷ್ಟೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಏನೇ ಅಭ್ಯಾಸ ಮಾಡಬೇಕೆಂದಿದ್ದರೂ ಅದರ ಅಳತೆಯನ್ನು ನಿಮ್ಮ ಒಳ್ಳೆಯ ದಿನ ನೋಡಿ ತೆಗೆಯಬೇಡಿ. ಜುಲೈ ತಿಂಗಳ ಒಂದು ಕೆಟ್ಟ ದಿನ ಕಣ್ಣ ಮುಂದೆ ತಂದುಕೊಳ್ಳಿ. ಕರೆಂಟ್ ಇಲ್ಲ, ಟವರ್ ಇಲ್ಲ, ಬಟ್ಟೆ ಒಣಗಿಲ್ಲ, ಮನೆಯಲ್ಲಿ ಒಬ್ಬರಿಗೆ ಜ್ವರ. ಆ ದಿನವೂ ನಿಮ್ಮಿಂದ ಎಷ್ಟು ಆಗುತ್ತದೋ ಅಷ್ಟೇ ನಿಮ್ಮ ಅಭ್ಯಾಸದ ಅಳತೆ.

ಮಳೆ ಲೆಕ್ಕ ಬರೆಯುವವರನ್ನು ನೋಡಿ

ತೋಟ ಇರುವ ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಕೆಲಸ ಅಜ್ಜನ ಕಾಲದಿಂದ ನಡೆದುಕೊಂಡು ಬಂದಿದೆ. ಬೆಳಗಿನ ಕಾಫಿ ಆದ ಮೇಲೆ ಮನೆಯವರೊಬ್ಬರು ಛತ್ರಿ ಹಿಡಿದು ಕಣದ ಮೂಲೆಗೆ ಹೋಗುತ್ತಾರೆ. ಅಲ್ಲಿ ಮರದ ಹನಿ ಬೀಳದ ಬಯಲಲ್ಲಿ ರೈನ್ ಗೇಜ್ ನೆಟ್ಟಿರುತ್ತದೆ. ಮೇಲಿನ ಫನಲ್ ತೆಗೆದು, ಒಳಗೆ ನಿಂತ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ. ಮಳೆ ಜೋರಾಗಿದ್ದ ದಿನ ಒಂದೇ ಅಳತೆಗೆ ನೀರು ಹಿಡಿಯುವುದಿಲ್ಲ, ಎರಡು ಮೂರು ಸಲ ಸುರಿದು ಕೂಡಿಸಬೇಕು. ನೀರು ಚೆಲ್ಲಿ, ಫನಲ್ ಮತ್ತೆ ಕೂರಿಸಿ, ಒಳಗೆ ಬಂದು ಕೈ ಒರೆಸಿಕೊಂಡು ಡೈರಿಯಲ್ಲಿ ಬರೆಯುತ್ತಾರೆ: 2 ಇಂಚು 30 ಸೆಂಟ್. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿಲಿಮೀಟರ್. ಅಷ್ಟರಲ್ಲಿ ಯಾರದೋ ಫೋನ್ ಬರುತ್ತದೆ. "ನಿಮ್ಮಲ್ಲಿ ಎಷ್ಟು ಬಂತು?"

ಈ ಕೆಲಸ ವರ್ಷಗಟ್ಟಲೆ ತಪ್ಪದೆ ನಡೆಯಲು ಆ ಮನೆಯವರೆಲ್ಲ ಭಾರೀ ಶಿಸ್ತಿನವರು ಅಂತೇನೂ ಕಾರಣವಲ್ಲ. ಬಿಡಿಸಿ ನೋಡಿದರೆ ಅಭ್ಯಾಸ ನಿಲ್ಲಲು ಏನೇನು ಬೇಕೋ ಎಲ್ಲವೂ ಅದರಲ್ಲಿದೆ. ಎರಡೇ ನಿಮಿಷದ ಕೆಲಸ. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಬರುವ ಕೆಲಸ, ಹಾಗಾಗಿ ಗಡಿಯಾರ ನೋಡಬೇಕಿಲ್ಲ. ಬೇಕಾದ ಸಾಮಾನು ನೆಟ್ಟ ಜಾಗದಲ್ಲೇ ಕಣ್ಣಿಗೆ ಬೀಳುವಂತೆ ನಿಂತಿದೆ. ಮಾಡಿದ ತಕ್ಷಣ ಕೈಗೆ ಒಂದು ಅಂಕಿ ಸಿಗುತ್ತದೆ, ಅದನ್ನು ಕೇಳುವವರೂ ಇದ್ದಾರೆ. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಒಂದು ದಿನ ಮದುವೆಗೋ ಆಸ್ಪತ್ರೆಗೋ ಹೋಗಿ ನೋಡಲು ಆಗದಿದ್ದರೆ ನೀರು ಅಲ್ಲೇ ಇರುತ್ತದೆ, ಮಾರನೆಯ ದಿನ ಎರಡೂ ದಿನದ್ದು ಸೇರಿಸಿ ಬರೆದರಾಯಿತು. ಒಂದು ದಿನ ತಪ್ಪಿತು ಅಂತ ಯಾರೂ ಡೈರಿ ಮುಚ್ಚಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬರೆಯಲು ಹೆಚ್ಚೇನೂ ಇರುವುದಿಲ್ಲ, ಆದರೂ ಕಾಫಿ ಹೂ ಅರಳಿಸುವ ಹೂ ಮಳೆಯ ಮೊದಲ ಹನಿ ಬಿದ್ದ ಮಾರನೆಯ ಬೆಳಗ್ಗೆ ಕಾಲು ತಾನಾಗಿ ಕಣದ ಮೂಲೆಗೆ ಹೋಗುತ್ತದೆ.

ನಿಮ್ಮ ಅಭ್ಯಾಸಕ್ಕೂ ಇಷ್ಟನ್ನೂ ಕೊಡಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಎಷ್ಟು ದಿನ ಬೇಕು?

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ, ವಾಟ್ಸಾಪ್‌ನಲ್ಲಂತೂ ವಾರಕ್ಕೊಮ್ಮೆ ಬರುತ್ತದೆ. ಈ ಮಾತಿನ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ತಮ್ಮ ಹೊಸ ಮುಖ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಹಿಡಿಯುತ್ತದೆ ಅಂತ ಅವರು 1960ರಲ್ಲಿ ಬರೆದಿದ್ದರು. ಮುಖಕ್ಕೆ ಒಗ್ಗಿಕೊಳ್ಳುವುದಕ್ಕೂ ದಿನಾ ಬೆಳಗ್ಗೆ ಎದ್ದು ನಡೆಯುವುದಕ್ಕೂ ಎಲ್ಲಿಯ ಸಂಬಂಧ, ಅಲ್ವಾ? "ಕಡಿಮೆ ಅಂದರೂ" ಅನ್ನುವ ಮಾತು ಕೂಡ ಬಾಯಿಂದ ಬಾಯಿಗೆ ಹೋಗುತ್ತಾ ಕಳೆದೇ ಹೋಯಿತು.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಗಾರರು. 2009ರಲ್ಲಿ ಹೊರಬಂದ ಆ ಅಧ್ಯಯನದಲ್ಲಿ 96 ಮಂದಿ ತಮಗೆ ಬೇಕಾದ ಒಂದೊಂದು ಅಭ್ಯಾಸ ಆರಿಸಿಕೊಂಡು 12 ವಾರ ಮಾಡಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಹೀಗೆ. ಯೋಚನೆ ಇಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, 12 ವಾರದ ಗತಿ ನೋಡಿ ಅಂದಾಜು ಮಾಡಿದಾಗ ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ಸಮಯ ಹಿಡಿಯಿತು. ಅದರಲ್ಲಿ ನಮಗೆ ಬೇಕಾದ ಇನ್ನೊಂದು ವಿಷಯವೂ ಇತ್ತು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಈಗ 66 ದಿನವನ್ನು ನಮ್ಮ ಕ್ಯಾಲೆಂಡರಿಗೆ ಹಾಕಿ ನೋಡಿ. ಏಪ್ರಿಲ್ ಕೊನೆಯಲ್ಲಿ ಶುರು ಮಾಡಿದ್ದು ಬೇರು ಬಿಡುವ ಮೊದಲೇ ಮಳೆ ಬಂದುಬಿಡುತ್ತದೆ. ನವೆಂಬರ್‌ನಲ್ಲಿ ಶುರು ಮಾಡಿದರೆ ಭತ್ತದ ಸುಗ್ಗಿಯ ಹಬ್ಬ ಪುತ್ತರಿ, ಅದರ ಹಿಂದೆಯೇ ಕಾಫಿ ಕೊಯ್ಲು, ತೋಟದಲ್ಲಿ ಆಳು ಸಿಕ್ಕ ದಿನ ಊಟಕ್ಕೂ ಹೊತ್ತಿಲ್ಲ. ಆದ್ದರಿಂದ ನನ್ನ ಸಲಹೆ ಸ್ವಲ್ಪ ತಿರುಗುಮುರುಗು ಅನ್ನಿಸಬಹುದು: ಶುರು ಮಾಡುವುದಾದರೆ ಮಳೆಗಾಲದಲ್ಲೇ ಶುರು ಮಾಡಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರ ಕಕ್ಕಡ ತಿಂಗಳು. ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ದಿನಗಳು ಒಂದರಂತೆ ಒಂದು ಹೋಗುತ್ತವೆ. ಅಭ್ಯಾಸ ಕೂರುವುದಕ್ಕೆ ಬೇಕಾಗಿರುವುದು ಅದೇ ಒಂದರಂತೊಂದು ದಿನ. ನಾಟಿ ಇರುವ ಮನೆಯವರಿಗೆ ಈ ಮಾತು ಹೊಂದುವುದಿಲ್ಲ, ಅವರು ನಾಟಿ ಮುಗಿದ ಮೇಲಿನ ಹಬ್ಬ ಕೈಲ್ ಮುಹೂರ್ತ ಕಳೆದ ಮೇಲೆ, ಸೆಪ್ಟೆಂಬರ್ ಎರಡನೇ ವಾರದಿಂದ ಹಿಡಿದುಕೊಳ್ಳಲಿ. ಮಳೆಯಲ್ಲಿ ಹುಟ್ಟಿದ ಅಭ್ಯಾಸ ಬೇಸಿಗೆಯಲ್ಲಿ ಸಾಯುವುದನ್ನು ನಾನಂತೂ ಕಂಡಿಲ್ಲ.

ಗಂಟೆಗೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ

"ದಿನಾ ಬೆಳಗ್ಗೆ ಐದೂವರೆಗೆ" ಅಂತ ಹೇಳುವ ಸಲಹೆಗಳು ದೊಡ್ಡ ಊರಿನ ಪಾರ್ಕಿನವರಿಗೆ ಸರಿ. ಸಿದ್ದಾಪುರ, ಅಮ್ಮತ್ತಿ ಕಡೆಯವರಿಗೆ ಐದೂವರೆ ಅಂದರೆ ಆನೆ ತೋಟದಿಂದ ಕಾಡಿಗೆ ಮರಳುವ ಹೊತ್ತು. ಕತ್ತಲಲ್ಲಿ ರಸ್ತೆಗಿಳಿಯುವ ಅಭ್ಯಾಸ ದಯವಿಟ್ಟು ಬೇಡ. ಪೂರ್ತಿ ಬೆಳಕು ಬರಲಿ. ಗಂಟೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ದಿನಾ ಮಾಡುವ ಮನೆಕೆಲಸ ಬದಲಾಗುವುದಿಲ್ಲ. ಬೆಳಗಿನ ಕಾಫಿ, ಕೋಳಿ ಗೂಡು ತೆಗೆಯುವುದು, ಬಚ್ಚಲು ಒಲೆಗೆ ಬೆಂಕಿ ಹಾಕುವುದು, ಕೆಲಸದವರಿಗೆ ಕೆಲಸ ಹೇಳಿ ಬರುವುದು, ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದು, ಸಂಜೆ ದೀಪ ಹಚ್ಚುವುದು, ರಾತ್ರಿ ನಾಯಿ ಬಿಟ್ಟು ಗೇಟು ಹಾಕುವುದು. ಇವು ಮಳೆ ಬಂದರೂ ಬಿಸಿಲಾದರೂ ನಡೆಯುತ್ತವೆ. ಹೊಸ ಅಭ್ಯಾಸವನ್ನು ಇವುಗಳಲ್ಲಿ ಒಂದರ ಬೆನ್ನಿಗೆ ಕಟ್ಟಿ.

ಕಟ್ಟುವುದು ಅಂದರೆ ಒಂದು ವಾಕ್ಯ ಬರೆಯುವುದು. "ಇದು ಆದ ಕೂಡಲೇ ಇದು ಮಾಡುತ್ತೇನೆ" ಅಂತ. ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. 1997ರ ಅವರ ಒಂದು ಪ್ರಯೋಗದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧದಷ್ಟು ಮಂದಿಗೆ ಮಾತ್ರ ಅದನ್ನು ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಅಂತ ಮೊದಲೇ ಗೊತ್ತು ಮಾಡಿಸಿದರು. ಹಾಗೆ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಹೇಳಿದ ಸಮಯಕ್ಕೆ ಬರೆದರು, ಉಳಿದವರಲ್ಲಿ ಬರೆದದ್ದು ಮೂರರಲ್ಲಿ ಒಂದು ಪಾಲು. ಆಸೆ ಇಬ್ಬರಿಗೂ ಇತ್ತು, ಜಾಗ ಮತ್ತು ಹೊತ್ತು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ನಿಮ್ಮ ವಾಕ್ಯ ಹೀಗಿರಬಹುದು: "ಬೆಳಗಿನ ಕಾಫಿ ಲೋಟ ಸಿಂಕಿಗೆ ಹಾಕಿದ ಕೂಡಲೇ ಜಗಲಿಯಲ್ಲಿ ಐದು ಸುತ್ತು ನಡೆಯುತ್ತೇನೆ." ಜಗಲಿ ಅಂತ ಯಾಕೆ ಹೇಳಿದೆ ಅಂದರೆ ಅಲ್ಲಿ ಮಳೆ ಬರುವುದಿಲ್ಲ. ಮಳೆ ಬಿಟ್ಟ ದಿನ ಜಗಲಿಯಿಂದ ಕಣಕ್ಕೆ, ಕಣದಿಂದ ರಸ್ತೆಗೆ ಅದು ತಾನಾಗಿ ಉದ್ದವಾಗುತ್ತದೆ. ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಬಿರುಸಿನ ನಡಿಗೆಯಷ್ಟು ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ತಲುಪಬೇಕಾದ ಜಾಗ. ಹೊರಡುವುದು ಐದು ಸುತ್ತಿನಿಂದ.

ವಾಕ್ಯದಲ್ಲಿ "ಆದಷ್ಟು", "ಸಾಧ್ಯವಾದರೆ", "ಇನ್ಮೇಲಿಂದ" ಅನ್ನುವ ಪದ ಬಂದರೆ ಅಳಿಸಿ ಮತ್ತೆ ಬರೆಯಿರಿ. "ಆದಷ್ಟು ಸಕ್ಕರೆ ಕಡಿಮೆ ಮಾಡುತ್ತೇನೆ" ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಬರೆದವರಿಗೂ. "ಸಂಜೆ ಕಾಫಿಗೆ ಒಂದೇ ಚಮಚ" ಅಂದರೆ ಅಡುಗೆಮನೆಯಲ್ಲಿರುವವರಿಗೂ ಗೊತ್ತಾಗುತ್ತದೆ. ಬೆಲ್ಲದ ಕಾಫಿ ಕುಡಿಯುವವರು ಬೆಲ್ಲ ಸಕ್ಕರೆಯಲ್ಲ ಅಂತ ಬಿಡಬೇಡಿ, ಶುಗರ್ ಇದ್ದವರಿಗೆ ಎರಡೂ ಒಂದೇ.

ಸಾಮಾನು ಎಲ್ಲಿದೆ ಅನ್ನುವುದೇ ಅರ್ಧ ಕೆಲಸ

ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಇದಕ್ಕೆ ಮನೋಬಲ ಬೇಡ, ಒಂದು ಸಂಜೆ ಕೂತು ಮಾಡಿದರೆ ವರ್ಷವಿಡೀ ನಡೆಯುತ್ತದೆ.

ನನ್ನ ಚಿಕ್ಕಮ್ಮನಿಗೆ ಬಿಪಿ ಮಾತ್ರೆ ಮರೆತುಹೋಗುತ್ತಿತ್ತು. ಮಾತ್ರೆ ಇರುತ್ತಿದ್ದದ್ದು ಮಲಗುವ ಕೋಣೆಯ ಬೀರುವಿನಲ್ಲಿ, ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಕವರ್ ಎಲ್ಲದರ ಕೆಳಗೆ. ಅಡುಗೆಮನೆಯಲ್ಲಿ ಬೆಳಗಿನ ಮೊದಲ ಕೆಲಸ ಫಿಲ್ಟರಿನ ಮುಚ್ಚಳ ತೆಗೆದು ಡಿಕಾಕ್ಷನ್ ಇಳಿದಿದೆಯಾ ಅಂತ ನೋಡುವುದು. ಮಾತ್ರೆಯ ಸ್ಟ್ರಿಪ್ಪನ್ನು ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ರಾತ್ರಿ ಮಲಗುವ ಮುಂಚೆ ಆ ಫಿಲ್ಟರಿನ ಮುಚ್ಚಳದ ಮೇಲೆಯೇ ಇಡುವಂತೆ ಮಾಡಿದೆವು. ಡಬ್ಬಿ ಎತ್ತದೆ ಮುಚ್ಚಳ ತೆಗೆಯಲು ಆಗುವುದಿಲ್ಲ. ಮಾತ್ರೆ ತೆಗೆದುಕೊಂಡಾದ ಮೇಲೆ ಡಬ್ಬಿ ಕಿಟಕಿ ಕಟ್ಟೆಗೆ ಹೋಗುತ್ತದೆ. ಆಮೇಲೆ ಯಾರಾದರೂ "ಮಾತ್ರೆ ಆಯ್ತಾ ಚಿಕ್ಕಮ್ಮಾ?" ಅಂತ ಕೇಳುವ ಅಗತ್ಯವೇ ಇಲ್ಲ, ಡಬ್ಬಿ ಎಲ್ಲಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಎಲ್ಲ ಮಾತ್ರೆಗೂ ಕಾಫಿಯ ಜೊತೆ ಆಗಿಬರುವುದಿಲ್ಲ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣಾಂಶದ ಮಾತ್ರೆಯನ್ನೂ ಕಾಫಿ, ಟೀ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ. ಅಂಥವನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡಿ. ಯಾವುದನ್ನು ಯಾವಾಗ ಅಂತ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಹೀಗೇ ಮನೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಮಾಡಬೇಕಾದದ್ದು ಕಣ್ಣೆದುರಿಗೆ, ಬಿಡಬೇಕಾದದ್ದು ಎರಡು ಹೆಜ್ಜೆ ದೂರಕ್ಕೆ. ಮಳೆಗಾಲದಲ್ಲಿ ನಮ್ಮ ಊಟದಲ್ಲಿ ಉಪ್ಪಿನಕಾಯಿ, ಒಣಮೀನು ಜಾಸ್ತಿ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಳೆದು ತೂಗಿ ಊಟ ಮಾಡಲು ಯಾರಿಗಾಗುತ್ತದೆ? ಉಪ್ಪಿನ ಬಟ್ಟಲು, ಉಪ್ಪಿನಕಾಯಿ ಭರಣಿ ಎರಡನ್ನೂ ಊಟದ ಮೇಜಿನಿಂದ ಅಡುಗೆಮನೆಯ ಕಪಾಟಿಗೆ ಸಾಗಿಸಿ. ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಲಿ. ಏಳುವುದು ಕಷ್ಟ ಅಂತಲೇ ಅರ್ಧ ಕಡಿಮೆಯಾಗುತ್ತದೆ. ಓದುವ ಅಭ್ಯಾಸ ಬೇಕಾದರೆ ಪುಸ್ತಕ ಕಪಾಟಿನಲ್ಲಿ ಅಲ್ಲ, ದಿಂಬಿನ ಮೇಲೆ ಇರಬೇಕು, ಪಕ್ಕದಲ್ಲೇ ಚಾರ್ಜ್ ಆಗಿರುವ ಟಾರ್ಚೋ ಎಮರ್ಜೆನ್ಸಿ ಲೈಟೋ ಇರಬೇಕು. ಕರೆಂಟ್ ಹೋಯಿತು ಅನ್ನುವ ನೆಪ ಹುಟ್ಟಲು ಜಾಗವೇ ಇರಬಾರದು.

ಫೋನಿನ ವಿಷಯವೂ ಇಷ್ಟೇ. ಚಾರ್ಜರನ್ನು ಮಂಚದ ಪಕ್ಕದಿಂದ ತೆಗೆದು ನಡುಮನೆಗೆ ಹಾಕಿ. ಅಲಾರಾಂ ಬೇಕಲ್ಲ ಅನ್ನುವವರು ಒಂದು ಗಡಿಯಾರ ತನ್ನಿ. ಮಳೆಗಾಲದಲ್ಲಿ ಟವರ್ ಹೋಗಿ ಎರಡು ದಿನ ನೆಟ್ ಇಲ್ಲದಿದ್ದಾಗ ಮೊದಲ ದಿನ ಕೈ ಚಡಪಡಿಸುತ್ತದೆ, ಎರಡನೆಯ ದಿನ ಅಷ್ಟಿಲ್ಲ. ಆ ಎರಡನೆಯ ದಿನವನ್ನು ಸುಮ್ಮನೆ ಹೋಗಲು ಬಿಡಬೇಡಿ. ಆ ಹೊತ್ತಿಗೆ ಬೇರೆ ಏನಾದರೂ ತಂದು ಕೂರಿಸಿ, ಮಕ್ಕಳ ಜೊತೆ ಚನ್ನೆಮಣೆಯೋ, ಹೊಲಿಗೆಯೋ, ಓದೋ.

ಬಿಡಬೇಕಾದ ಅಭ್ಯಾಸಕ್ಕೆ

ಹಳೆಯ ಅಭ್ಯಾಸ ಎಷ್ಟು ಕುರುಡು ಅಂತ ತೋರಿಸುವ ಒಂದು ಪ್ರಯೋಗ 2011ರಲ್ಲಿ ಅಮೆರಿಕದಲ್ಲಿ ನಡೆಯಿತು. ಅಭ್ಯಾಸಗಳ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿರುವ ವೆಂಡಿ ವುಡ್ ಅವರ ತಂಡದ್ದು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗತಾನೆ ಮಾಡಿದ ಪಾಪ್‌ಕಾರ್ನ್, ಕೆಲವರಿಗೆ ಒಂದು ವಾರ ಹಳೆಯದು ಕೊಟ್ಟರು. ಥಿಯೇಟರಿನಲ್ಲಿ ಯಾವಾಗಲೂ ಪಾಪ್‌ಕಾರ್ನ್ ತಿನ್ನುವ ರೂಢಿ ಇದ್ದವರು ಹಳಸಿದ್ದನ್ನೂ ಹೊಸದರಷ್ಟೇ ತಿಂದರು. ರುಚಿ ಇಲ್ಲ ಅಂತ ಅವರಿಗೂ ಗೊತ್ತಿತ್ತು. ಇನ್ನೊಂದು ಸಲ ಅಂಥದೇ ರೂಢಿ ಇದ್ದ ಬೇರೆಯವರಿಗೆ ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಅಂದಾಗ ಹಳಸಿದ್ದನ್ನು ಕಡಿಮೆ ತಿಂದರು. ಕೈ ಬದಲಾಯಿತು, ತಲೆ ಎಚ್ಚರಾಯಿತು.

ಆದ್ದರಿಂದ ಬಿಡಬೇಕು ಬಿಡಬೇಕು ಅಂತ ಹಲ್ಲು ಕಚ್ಚಿ ಕೂರುವ ಬದಲು ಆ ಚಟ ಯಾವ ಜಾಗದಲ್ಲಿ, ಯಾರ ಜೊತೆ, ಯಾವುದರ ಬೆನ್ನಿಗೆ ಬರುತ್ತದೆ ಅಂತ ಒಂದು ವಾರ ಬರೆದಿಡಿ. ಸಂಜೆ ಟೀ ಜೊತೆ ಪೇಟೆಯಿಂದ ತಂದ ಚಿಪ್ಸ್ ಪ್ಯಾಕೆಟ್ ಖಾಲಿಯಾಗುತ್ತಿದ್ದರೆ ತೊಂದರೆ ಇರುವುದು ಪ್ಯಾಕೆಟ್ ಟಿವಿ ಮುಂದೆ ಬರುವುದರಲ್ಲಿ. ಒಂದು ಬಟ್ಟಲಿಗೆ ಸುರಿದುಕೊಂಡು ಪ್ಯಾಕೆಟ್ ಒಳಗಿಟ್ಟು ಬನ್ನಿ. ಖಾಲಿ ಬಿಟ್ಟ ಜಾಗಕ್ಕೆ ಹಳೆಯದೇ ವಾಪಸ್ ಬರುತ್ತದೆ, ಹಾಗಾಗಿ ಟೀ ಜೊತೆ ಇನ್ನೇನು ಅಂತ ಮೊದಲೇ ಯೋಚಿಸಿಡಿ, ಬೇಯಿಸಿದ ಗೆಣಸೋ ನೆಲಗಡಲೆಯೋ.

ಬೀಡಿ, ಸಿಗರೇಟು, ತಂಬಾಕು ಬಿಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800 112 356. ಕುಡಿತದ ವಿಷಯದಲ್ಲಿ ಮಾತ್ರ ಈ ಸಣ್ಣಸಣ್ಣ ಉಪಾಯಗಳ ಮೇಲೆ ಭಾರ ಹಾಕಬೇಡಿ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರನ್ನು ಕಂಡು, ಅವರು ಹೇಳಿದಂತೆ ಬಿಡಬೇಕು. ಮನೆಯವರು ಇದನ್ನು ತಿಳಿದಿರಬೇಕು, ದಯವಿಟ್ಟು.

ಮನೆ ಬದಲಾದಾಗ

ಕಾಲೇಜು ಬದಲಾಯಿಸಿದ ವಿದ್ಯಾರ್ಥಿಗಳನ್ನು ವೆಂಡಿ ವುಡ್ ಅವರ ತಂಡವೇ 2005ರಲ್ಲಿ ಗಮನಿಸಿತ್ತು. ಹೊಸ ಜಾಗದ ವಾತಾವರಣ ಹಳೆಯದರ ಹಾಗೇ ಇದ್ದವರಿಗೆ ವ್ಯಾಯಾಮ, ಪೇಪರ್ ಓದುವುದು, ಟಿವಿ ನೋಡುವುದು ಮೊದಲಿನಂತೆ ಮುಂದುವರಿಯಿತು. ಜಾಗ ಬೇರೆಯಾದರೆ ರೂಢಿ ತಾನಾಗಿ ನಡೆಯುವುದು ನಿಂತಿತು. ಪಿಯುಸಿ ಮುಗಿಸಿ ಮೈಸೂರಿಗೋ ಮಂಗಳೂರಿಗೋ ಹಾಸ್ಟೆಲ್ ಸೇರುವ ಮಕ್ಕಳ ಮನೆಯಲ್ಲಿ ಇದು ನೆನಪಿರಲಿ. ಮನೆಯಲ್ಲಿ ಕಲಿಸಿದ್ದೆಲ್ಲ ಮೊದಲ ತಿಂಗಳಲ್ಲೇ ಮರೆತ ಅಂತ ಬೇಜಾರು ಮಾಡಿಕೊಳ್ಳುವ ಬದಲು, ಬಿಡಲು ಹೋದ ದಿನವೇ ಅವನ ಜೊತೆ ಕೂತು ಹೊಸ ಜಾಗದ ವಾಕ್ಯ ಒಂದನ್ನು ಬರೆಸಿ. ಮೊದಲ ವಾರ ಏನೂ ಗಟ್ಟಿಯಾಗಿರುವುದಿಲ್ಲ, ಒಳ್ಳೆಯದು ಕೂರುವುದೂ ಆಗಲೇ, ಕೆಟ್ಟದ್ದು ಕೂರುವುದೂ ಆಗಲೇ.

ವಯಸ್ಸಾದವರ ವಿಷಯ ಇನ್ನೂ ಸೂಕ್ಷ್ಮ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ, ತೋಟ ಬಿಟ್ಟು ಬೇರೆ ಕಡೆ ನೆಲೆಸಬೇಕಾಗಿ ಬಂದ ಎಷ್ಟೋ ಹಿರಿಯರಿಗೆ ಮನೆಯ ಜೊತೆಗೆ ದಿನಚರಿಯೂ ಹೋಯಿತು. ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಿದ್ದವರಿಗೆ ಹೋಗಲು ತೋಟವೇ ಇಲ್ಲ. ಬೆಂಗಳೂರಿನ ಮಕ್ಕಳ ಫ್ಲಾಟಿಗೆ ಹೋದವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಂಥವರಿಗೆ "ವಾಕಿಂಗ್ ಹೋಗಿ ಅಪ್ಪ" ಅಂದರೆ ಆಗುವುದಿಲ್ಲ, ಹೋಗಲು ಒಂದು ಕಾರಣ ಬೇಕು. ಹಾಲು ತರುವುದು, ಪೇಪರ್ ತರುವುದು, ಮೊಮ್ಮಗಳನ್ನು ಬಸ್ಸಿನವರೆಗೆ ಬಿಡುವುದು, ನಾಲ್ಕು ಕರಿಮೆಣಸಿನ ಕುಂಡಕ್ಕೆ ನೀರು ಹಾಕುವುದು. ಅವರಿಗೇ ಅಂತ ಒಂದು ಕೆಲಸ ಬಿಟ್ಟುಕೊಡಿ, ನೀವು ಅದಕ್ಕೆ ಕೈ ಹಾಕಬೇಡಿ.

ಹಣದ ಅಭ್ಯಾಸ

ತೋಟದ ಮನೆಗಳಲ್ಲಿ ದುಡ್ಡು ವರ್ಷಕ್ಕೊಮ್ಮೆ, ಕಾಫಿ, ಮೆಣಸು ಮಾರಿದಾಗ ಬರುತ್ತದೆ. ತಿಂಗಳ ಸಂಬಳದವರಿಗೆ ಹೇಳುವ ಉಳಿತಾಯದ ಪಾಠ ಇಲ್ಲಿ ಹೊಂದುವುದಿಲ್ಲ. ಮಾರಿದ ದುಡ್ಡು ಖಾತೆಗೆ ಬಿದ್ದ ದಿನವೇ ಒಂದು ಪಾಲನ್ನು ಬೇರೆ ಖಾತೆಗೋ ಎಫ್‌ಡಿಗೋ ಹಾಕುವುದು, ಆ ಪಾಲು ಎಷ್ಟು ಅಂತ ರೇಟು ಗೊತ್ತಾಗುವ ಮೊದಲೇ ತೀರ್ಮಾನಿಸಿಡುವುದು, ಇಷ್ಟು ಸಾಕು.

ಅಂಗಡಿ, ಆಟೋ, ದಿನಗೂಲಿಯವರಿಗೆ ಪಿಗ್ಮಿಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಅದು ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವರು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳಲು ಶುರು ಮಾಡಿದರು. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಂಜೆ ಅಂಗಡಿ ಸಾಲಿನಲ್ಲಿ ಪಿಗ್ಮಿ ಕಲೆಕ್ಟರ್ ಬರುವುದನ್ನು ನೋಡಿ. ಅವರು ಬಂದರು ಅಂದರೆ ಗಲ್ಲಾಪೆಟ್ಟಿಗೆ ತೆರೆಯುತ್ತದೆ. ಉಳಿಸಬೇಕು ಅಂತ ಅಂಗಡಿಯವರು ನೆನಪಿಟ್ಟುಕೊಳ್ಳಬೇಕಿಲ್ಲ, ನೆನಪೇ ನಡೆದುಕೊಂಡು ಬರುತ್ತದೆ. ಕಟ್ಟುವ ಮೊತ್ತವನ್ನು ಮಾತ್ರ ಮಳೆಗಾಲದ ವ್ಯಾಪಾರ ನೋಡಿ ಗೊತ್ತು ಮಾಡಿ, ದಸರಾ ಸೀಸನ್ ನೋಡಿ ಅಲ್ಲ. ಪ್ರತಿ ಸಲ ರಶೀದಿಯನ್ನೋ ಮೊಬೈಲ್ ಮೆಸೇಜನ್ನೋ ನೋಡಿಕೊಳ್ಳುವುದನ್ನೂ ಅದರ ಜೊತೆಗೇ ರೂಢಿ ಮಾಡಿಕೊಳ್ಳಿ.

ತಪ್ಪಿದ ದಿನ, ಹೆಚ್ಚಿಸುವ ದಿನ

ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರ್ ಅಡುಗೆಮನೆಯಲ್ಲಿ ಇರುತ್ತದಲ್ಲ, ಅದರ ಮೇಲೆ ಮಾಡಿದ ದಿನಕ್ಕೆ ಒಂದು ಗೀಟು ಹಾಕಿ. ಪೆನ್ನನ್ನು ದಾರದಲ್ಲಿ ಕಟ್ಟಿ ಅಲ್ಲೇ ನೇತುಹಾಕಿ. ಗೀಟಿಲ್ಲದ ದಿನಕ್ಕೆ ಕೆಂಪು ಗುರುತು, ದಂಡ ಇವೆಲ್ಲ ಬೇಡ. ಒಂದು ದಿನ ತಪ್ಪಿದರೆ ಮಾರನೆಯ ದಿನ ಅತಿ ಚಿಕ್ಕ ಅಳತೆಯಲ್ಲಾದರೂ ಮಾಡಿ, ಐದು ಸುತ್ತಿನ ಬದಲು ಒಂದು ಸುತ್ತು. ಎರಡು ದಿನದ ಸಾಲ ತೀರಿಸಲು ಹತ್ತು ಸುತ್ತು ಹೊಡೆಯಬೇಡಿ, ಕಾಲು ನೋವು ಬಂದು ಮೂರನೆಯ ದಿನವೂ ತಪ್ಪುತ್ತದೆ. ಪುತ್ತರಿ, ಮದುವೆ, ಕೊಯ್ಲಿನ ಹದಿನೈದು ದಿನ ಬರುವುದು ಮೊದಲೇ ಗೊತ್ತಿರುತ್ತದೆ. ಆ ದಿನಗಳಿಗೆ ಬೇರೆ ವಾಕ್ಯ ಬರೆದಿಡಿ: "ಮದುವೆಮನೆಯಲ್ಲಿದ್ದರೆ ಊಟ ಆದ ಮೇಲೆ ಛತ್ರದ ಸುತ್ತ ಒಂದು ಸುತ್ತು."

ಸಣ್ಣದರಿಂದ ಏನಾಗುತ್ತದೆ ಅಂತ ಮನೆಯಲ್ಲಿ ಯಾರಾದರೂ ಅನ್ನಬಹುದು. ವಾದಕ್ಕೆ ಇಳಿಯಬೇಡಿ. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಮೆಟ್ಟಿಲು ಹತ್ತುವಾಗ ಉಸಿರು ಎಷ್ಟು ಹಿಡಿಯಿತು ಅಂತ ನಿಮಗೇ ಗೊತ್ತಾಗುತ್ತದೆ.

ಹೆಚ್ಚಿಸುವುದು ಯಾವಾಗ? ಕಾಫಿ ಲೋಟ ಇಟ್ಟ ಮೇಲೆ ನಡೆಯದೆ ಕೂತರೆ ಏನೋ ಬಿಟ್ಟುಹೋದ ಹಾಗೆ ಅನ್ನಿಸಲು ಶುರುವಾದಾಗ. ಅಲ್ಲಿಯವರೆಗೆ ಐದು ಸುತ್ತು ಐದೇ ಇರಲಿ. ಹಿಗ್ಗಿನಲ್ಲಿ ಒಂದು ದಿನ ಇಪ್ಪತ್ತು ಹೊಡೆದರೂ ತೊಂದರೆಯಿಲ್ಲ, ಮಾರನೆಯ ದಿನದ ಲೆಕ್ಕ ಮಾತ್ರ ಐದೇ. ಹೆಚ್ಚಿಸಿದ ಮೇಲೂ ಮಳೆ ದಿನದ ಅಳತೆಯನ್ನು ಹಾಗೇ ಇಟ್ಟುಕೊಳ್ಳಿ, ಜೂನ್‌ಗೆ ಅದು ಬೇಕಾಗುತ್ತದೆ. ಎರಡನೆಯ ಅಭ್ಯಾಸ ಶುರು ಮಾಡುವಾಗ ಅದನ್ನೂ ಬೆಳಗಿನ ಕಾಫಿಗೇ ಕಟ್ಟಬೇಡಿ. ಅಲ್ಲಿ ಈಗಾಗಲೇ ಒಂದು ಇದೆ, ಎರಡು ಕೂಡಿದರೆ ಎರಡೂ ಸಡಿಲವಾಗುತ್ತವೆ. ಇದು ಸಂಜೆ ದೀಪ ಹಚ್ಚಿದ ಮೇಲಿನದೋ ರಾತ್ರಿ ಗೇಟು ಹಾಕಿದ ಮೇಲಿನದೋ ಇರಲಿ.